ಕಾಂತಿಯೂ ಗುರುತ್ವವೂ

ಲೋಕವ್ಯವಹಾರದಲ್ಲಿ ಮನುಷ್ಯನು ಕಂಡದ್ದರಿಂದ ಕಾಣದಿರುವುದನ್ನು ಊಹಿಸಿಕೊಂಡೇ ಬಹುಮಟ್ಟಿಗೆ ನಡೆಯುತ್ತಾನೆ. ಕೊಟ್ಟಿಗೆಯಲ್ಲಿ ಕಟ್ಟಿರುವ ಎತ್ತುಗಳನ್ನು ನೋಡಿ ಹೊಲದ ವಿಸ್ತಾರವನ್ನೂ, ಮದುವೆಯ ಚಪ್ಪರವನ್ನು ನೋಡಿ ಮನೆತನದ ಯೋಗ್ಯತೆಯನ್ನೂ, ಮಾತಿನ ಬೆಡಗನ್ನು ಕೇಳಿ ವಿದ್ವತ್ತಿನ ಆಳವನ್ನೂ ಅಳೆಯುತ್ತಾನೆ. ಈ ಅಳತೆಗಳೆಲ್ಲಕ್ಕೂ ತಳಹದಿಯಾಗಿರುವ ನಂಬಿಕೆ ಒಂದೇ: ಹೆಚ್ಚಾಗಿ ಹೊಳೆಯುವುದು ಹೆಚ್ಚು ತೂಕವುಳ್ಳದ್ದಾಗಿರಬೇಕು. ಗುರುತ್ವವೆಂಬ ಶಬ್ದಕ್ಕೆ ಭಾರವೆಂದೂ ಹಿರಿತನವೆಂದೂ ಎರಡು ಅರ್ಥಗಳಿವೆ; ಜನರು ಕಾಂತಿಯನ್ನು ಕಂಡು ಈ ಎರಡನ್ನೂ ಒಟ್ಟಿಗೆ ಊಹಿಸುತ್ತಾರೆ. ಈ ಊಹೆಯು ಎಷ್ಟರಮಟ್ಟಿಗೆ ಯುಕ್ತವಾದದ್ದು, ಇದನ್ನು ನಂಬಿ ಇನ್ನೊಬ್ಬರ ವಿಷಯದಲ್ಲಿ ತೀರ್ಪು ಕೊಡುವುದು ಎಷ್ಟರಮಟ್ಟಿಗೆ ಧರ್ಮ, ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಈ ವಿಚಾರಕ್ಕೆ ದೃಷ್ಟಾಂತವನ್ನು ಗೃಹಸ್ಥರ ಜಗಳಗಳಿಂದ ತೆಗೆದುಕೊಂಡರೆ ರಾಗದ್ವೇಷಗಳು ಅಡ್ಡಬರುತ್ತವೆ. ಆದ್ದರಿಂದ ಯಾರ ಸ್ವಾರ್ಥವೂ ಸೇರದ, ಬುದ್ಧಿವಂತರೇ ತಪ್ಪಿ ಬುದ್ಧಿವಂತರೇ ತಿದ್ದಿಕೊಂಡ ಒಂದು ಸಂಗತಿಯನ್ನು ಆಕಾಶದಿಂದ ಆರಿಸಿಕೊಳ್ಳುವುದು ಮೇಲು.

ಯುಗಾದಿಯ ಸುಮಾರಿನಲ್ಲಿ, ರಾತ್ರಿ ಹತ್ತು ಗಂಟೆಯ ಹೊತ್ತಿಗೆ, ಹುಣಸೂರಿನ ಲಕ್ಷ್ಮಣತೀರ್ಥದ ದಡದಲ್ಲಾಗಲಿ, ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ತಪ್ಪಲಿನಲ್ಲಾಗಲಿ ನಿಂತು ಉತ್ತರಕ್ಕೆ ಮುಖಮಾಡಿದವನಿಗೆ ಸಪ್ತರ್ಷಿಮಂಡಲವು ಮೇಲೇರುತ್ತಿರುವುದು ಕಾಣುತ್ತದೆ. ಅದರಲ್ಲಿ ಪುಲಸ್ತ್ಯನಿಂದ ಕ್ರತುವಿಗೆ ಒಂದು ಗೆರೆಯನ್ನೆಳೆದು, ಅದೇ ದಿಕ್ಕಿನಲ್ಲಿ ಅಷ್ಟೇ ದೂರ ಮುಂದುವರಿಸಿದರೆ ಬರಿಗಣ್ಣಿಗೆ ಕತ್ತಲೆಯಲ್ಲದೆ ಮತ್ತೇನೂ ತೋರದು. ದೂರದರ್ಶಕದಲ್ಲಿ ನೋಡಿದರೆ ಅಲ್ಲಿ ಕದಿರಿನಂತೆ ನೀಳವಾದ ಒಂದು ಮಸುಕು ಬೆಳಕು ಕಾಣುವುದು. ಅದು ಕೋಟ್ಯಂತರ ನಕ್ಷತ್ರಗಳ ಒಂದು ಗ್ಯಾಲಕ್ಸಿ. ಮೆಸ್ಯೆ ಎಂಬ ಫ್ರೆಂಚ್ ಖಗೋಳಜ್ಞನ ಪಟ್ಟಿಯಲ್ಲಿ ೮೨ನೆಯದಾದ್ದರಿಂದ ಅದನ್ನು ‘ಎಂ ೮೨’ ಎಂದು ಕರೆಯುತ್ತಾರೆ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬಂದು ಮುಟ್ಟಲು ಸುಮಾರು ೧ ಕೋಟಿ ೨೦ ಲಕ್ಷ ವರ್ಷಗಳು ಹಿಡಿಯುತ್ತವೆ. ಆಕಾಶದ ಲೆಕ್ಕದಲ್ಲಿ ಇದು ನೆರೆಮನೆ.

ಬೆಳಕಿನಲ್ಲಿ ಕಣ್ಣಿಗೆ ಕಾಣದ ಭೇದಗಳೂ ಉಂಟು. ೧೮೯೫ರಲ್ಲಿ ರಾಂಟ್ಜೆನ್ ಮಹಾಶಯರು ಕಂಡುಹಿಡಿದ ಕ್ಷ-ಕಿರಣಗಳು ಅವುಗಳಲ್ಲಿ ಒಂದು. ವೈದ್ಯಶಾಲೆಯಲ್ಲಿ ದೇಹವನ್ನು ಹಾದುಹೋಗುವ ಈ ಕಿರಣಗಳು ಆಕಾಶದಿಂದ ಬಂದಾಗ ಭೂಮಿಯ ವಾಯುಮಂಡಲವನ್ನು ದಾಟಲಾರವು; ಆ ದಪ್ಪವಾದ ಗಾಳಿಯೇ ಅವನ್ನು ನುಂಗಿಬಿಡುತ್ತದೆ. ಆದಕಾರಣ ಆಕಾಶದ ಕ್ಷ-ಕಿರಣಗಳನ್ನು ನೋಡಬೇಕಾದರೆ ಉಪಕರಣವನ್ನು ವಾಯುಮಂಡಲದ ಆಚೆಗೆ ಕಳುಹಿಸಬೇಕು. ೧೯೬೨ರ ಜೂನ್ ತಿಂಗಳಲ್ಲಿ ಜಿಯಾಕೋನಿ ಮತ್ತು ಅವರ ಸಂಗಡಿಗರು ಚಂದ್ರನಿಂದ ಈ ಕಿರಣಗಳು ಬರುತ್ತವೆಯೇ ಎಂದು ನೋಡುವುದಕ್ಕಾಗಿ ಒಂದು ರಾಕೆಟ್ಟನ್ನು ಹಾರಿಸಿದರು. ಅವರಿಗೆ ಅನಿರೀಕ್ಷಿತವಾಗಿ ಸಿಕ್ಕಿದ್ದು ವೃಶ್ಚಿಕರಾಶಿಯಲ್ಲಿರುವ ಒಂದು ಪ್ರಖರವಾದ ಕ್ಷ-ಕಿರಣಮೂಲ. ಕರ್ಣಾಟಕಕ್ಕೂ ಈ ವಿದ್ಯೆಗೂ ಹಳೆಯ ನಂಟು ಉಂಟು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ ೧೯೭೫ರ ಏಪ್ರಿಲ್ ೧೯ರಂದು ಗಗನಕ್ಕೇರಿದ ‘ಆರ್ಯಭಟ’ವು ಹೊತ್ತೊಯ್ದ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳಕ್ಕೆ ಸಂಬಂಧಪಟ್ಟದ್ದು, ವಿದ್ಯುತ್ತಿನ ತೊಂದರೆಯಿಂದ ಆ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ನಲವತ್ತು ವರ್ಷಗಳ ಮೇಲೆ, ೨೦೧೫ರ ಸೆಪ್ಟೆಂಬರ್ ೨೮ರಂದು, ‘ಆಸ್ಟ್ರೋಸ್ಯಾಟ್’ ಎಂಬ ಉಪಗ್ರಹವು ಅದೇ ಸಂಕಲ್ಪವನ್ನು ಪೂರ್ತಿಗೊಳಿಸಿತು. ೨೦೨೪ರ ಜನವರಿ ೧ರಂದು ಹಾರಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದ ಮುಖ್ಯ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾಲಯದವರು ನಿರ್ಮಿಸಿದರು.

೧೯೭೮ರಲ್ಲಿ ಅಮೆರಿಕದವರು ಹಾರಿಸಿದ ‘ಐನ್‌ಸ್ಟೈನ್’ ವೇಧಶಾಲೆಯ ಕಾಲದಿಂದ ನೆರೆಯ ಗ್ಯಾಲಕ್ಸಿಗಳಲ್ಲಿ ಕೆಲವು ವಿಚಿತ್ರವಾದ ಬಿಂದುಗಳು ಕಾಣಬಂದವು. ಅವು ಗ್ಯಾಲಕ್ಸಿಯ ನಡುಗರ್ಭದಲ್ಲಿಲ್ಲ. ಅದರಿಂದ ಆಚೆಗೆ ಎಲ್ಲೋ ಇವೆ. ಆದರೂ ಒಂದೊಂದು ಬಿಂದುವೂ ಕ್ಷ-ಕಿರಣಗಳಲ್ಲಿಯೇ ಲಕ್ಷಾಂತರ ಸೂರ್ಯರ ಒಟ್ಟು ತೇಜಸ್ಸನ್ನು ಬೀರುತ್ತದೆ. ಇವಕ್ಕೆ ಅತಿಭಾಸ್ವರ ಕ್ಷ-ಕಿರಣಮೂಲಗಳೆಂದು ಹೆಸರಾಯಿತು. ಇವುಗಳಲ್ಲಿ ಹಲವು ಒಂದೇ ಸ್ಥಿತಿಯಲ್ಲಿ ನಿಲ್ಲತಕ್ಕವಲ್ಲ. ಕೆಲವು ದಿನ ಉಜ್ಜ್ವಲವಾಗಿ ಬೆಳಗಿ, ಕೆಲವು ದಿನ ಆರಿದಂತೆಯೇ ಮಂಕಾಗುತ್ತವೆ.

ಇಷ್ಟು ಬೆಳಕು ಎಲ್ಲಿಂದ ಬಂದೀತು? ಇದನ್ನು ತಿಳಿಯಲು ಎಡಿಂಗ್ಟನ್ ಎಂಬ ಆಂಗ್ಲ ವಿದ್ವಾಂಸರು ತೋರಿಸಿಕೊಟ್ಟ ಒಂದು ಮೇರೆಯನ್ನು ಅರಿಯಬೇಕು. ಕಣದಲ್ಲಿ ರಾಗಿಯನ್ನು ತೂರುವಾಗ ಮೊರದಿಂದ ಜಾರಿದ ಕಾಳು ನೇರವಾಗಿ ನೆಲಕ್ಕೆ ಬೀಳುತ್ತದೆ, ಗಾಳಿಯು ಹೊಟ್ಟನ್ನು ಆಚೆಗೆ ಒಯ್ಯುತ್ತದೆ. ಗಾಳಿ ಮಿತಿಮೀರಿ ಬೀಸಿದರೆ ಕಾಳೂ ಹಾರಿಹೋಗುವುದು. ಆಕಾಶದಲ್ಲಿ ಭಾರವಾದ ಒಂದು ಕಾಯವು ಸುತ್ತಲಿನ ದ್ರವ್ಯವನ್ನು ತನ್ನತ್ತ ಸೆಳೆದುಕೊಳ್ಳುವಾಗ ಬೀಳುವ ದ್ರವ್ಯವು ಕಾದು ಬೆಳಗುತ್ತದೆ. ಆ ಬೆಳಕಿಗೂ ಒಂದು ನೂಕುಬಲವುಂಟು; ಅದು ಬೀಳುತ್ತಿರುವ ದ್ರವ್ಯವನ್ನು ಹೊರಕ್ಕೆ ತಳ್ಳುತ್ತದೆ. ದ್ರವ್ಯವು ಹೆಚ್ಚು ಬಿದ್ದಷ್ಟೂ ಬೆಳಕು ಹೆಚ್ಚು, ಬೆಳಕು ಹೆಚ್ಚಿದಷ್ಟೂ ತಳ್ಳುವಿಕೆ ಹೆಚ್ಚು. ಕಡೆಗೆ ಸೆಳೆತವೂ ನೂಕುವಿಕೆಯೂ ಸಮನಾಗುವ ಒಂದು ಘಟ್ಟ ಬರುತ್ತದೆ. ಅದರಿಂದ ಮುಂದೆ ಬೆಳಕು ಹೆಚ್ಚಲಾರದು. ಏಕೆಂದರೆ ಉರಿಯುವುದಕ್ಕೆ ಬೇಕಾದ ದ್ರವ್ಯವೇ ಒಳಕ್ಕೆ ಬರಲಾರದು. ಸೂರ್ಯನಷ್ಟು ಭಾರವುಳ್ಳ ಕಾಯಕ್ಕೆ ಈ ಮೇರೆಯು ಸುಮಾರು ೩೩ ಸಾವಿರ ಸೂರ್ಯರ ಕಾಂತಿ. ಭಾರವು ಹತ್ತು ಪಟ್ಟಾದರೆ ಮೇರೆಯೂ ಹತ್ತು ಪಟ್ಟಾಗುತ್ತದೆ.

ಹೀಗಿರಲು ವಿದ್ವಾಂಸರು ಮಾಡಿದ ಅನುಮಾನವು ಸಹಜವಾದದ್ದೇ. ಇಷ್ಟು ಹೊಳೆಯುವ ಕಾಯವು ಅದಕ್ಕೆ ತಕ್ಕಷ್ಟು ಭಾರವಾಗಿರಲೇಬೇಕು. ನೂರಾರು, ಕೆಲವು ಸಾವಿರಾರು ಸೂರ್ಯರ ತೂಕವುಳ್ಳ ಕೃಷ್ಣರಂಧ್ರಗಳೇ ಇವಾಗಿರಬೇಕು ಎಂದು ಹಲವರು ನಿಶ್ಚಯಿಸಿದರು. ಅಷ್ಟು ಬೆಳಕು ಸುತ್ತಲೂ ಸಮನಾಗಿ ಹರಡುತ್ತಿರಲಾರದು, ಒಂದೇ ದಿಕ್ಕಿಗೆ ಕೂಡಿಬರುತ್ತಿರಬಹುದು ಎಂದು ಸಂದೇಹಪಟ್ಟವರೂ ಇದ್ದರು. ಆದರೆ ಭಾರವಾದ ಕೃಷ್ಣರಂಧ್ರಗಳ ಆಸೆಯು ಬಲವಾಗಿತ್ತು.

ಈ ಅನುಮಾನದ ರೂಪವನ್ನು ತರ್ಕಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸಬಹುದು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ವ್ಯಾಪ್ತಿಯನ್ನು ನೈಯಾಯಿಕರು ಒಪ್ಪುತ್ತಾರೆ. ಅದನ್ನೇ ತಿರುಗಿಸಿ, ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ ಎಂದರೆ ಒಪ್ಪರು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸೇರುವಿಕೆ ಬೇಕು. ಇದಕ್ಕೆ ಉಪಾಧಿಯೆಂದು ಹೆಸರು. ಹುಣಸೂರು ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ. ಚಿಮಣಿಯಲ್ಲಿ ದಟ್ಟವಾಗಿ ಹೊಗೆ ಎದ್ದ ಬ್ಯಾರನ್ನಿನ ಒಲೆಯಲ್ಲಿಯೇ ಉರಿ ಹೆಚ್ಚೆಂದು ದಾರಿಹೋಕನು ತಿಳಿದಾನು. ಒಲೆಯ ಮುಂದೆ ರಾತ್ರಿಯೆಲ್ಲಾ ಕುಳಿತ ರೈತನಿಗೆ ಗೊತ್ತು, ಹೆಚ್ಚಿರುವುದು ಸೌದೆಯ ಹಸಿಯೆಂದು. ಹಾಗೆಯೇ ಖಗೋಳಜ್ಞರ ಅನುಮಾನದಲ್ಲಿಯೂ ಕೆಲವು ನಿಬಂಧನೆಗಳು ಸದ್ದಿಲ್ಲದೆ ಅಡಗಿದ್ದವು: ದ್ರವ್ಯವು ಎಲ್ಲ ಕಡೆಗಳಿಂದಲೂ ಸಮನಾಗಿ ಬೀಳಬೇಕು, ಬೆಳಕು ಎಲ್ಲ ಕಡೆಗೂ ಸಮನಾಗಿ ಹರಿಯಬೇಕು, ಬೆಳಕು ದ್ರವ್ಯವನ್ನು ನೂಕುವ ಬಗೆಯನ್ನು ಬೇರೆ ಯಾವ ಶಕ್ತಿಯೂ ಬದಲಾಯಿಸಬಾರದು. ತಾರ್ಕಿಕರ ಕಟ್ಟುನಿಟ್ಟಾದ ಲಕ್ಷಣಕ್ಕೆ ಇವು ಅಕ್ಷರಶಃ ಹೊಂದದಿದ್ದರೂ ನ್ಯಾಯವು ಒಂದೇ. ಹೇತುವಿನ ಹಿಂದೆ ನಿಂತ ನಿಬಂಧನೆಯನ್ನು ಕಾಣದವನು ಹೇತುವಿಗೆ ಇಲ್ಲದ ಬಲವನ್ನು ಕೊಡುತ್ತಾನೆ.

೨೦೧೪ನೆಯ ವರ್ಷದ ಜನವರಿಯಲ್ಲಿ ಎಂ ೮೨ರಲ್ಲಿ ಒಂದು ನಕ್ಷತ್ರವು ಸಿಡಿದು ಮಹಾನವ್ಯವಾಗಿ ಬೆಳಗಿತು. ಅದನ್ನು ನೋಡಲೆಂದು ‘ನೂಸ್ಟಾರ್’ ಎಂಬ ಕ್ಷ-ಕಿರಣ ವೇಧಶಾಲೆಯನ್ನು ಆ ಕಡೆಗೆ ತಿರುಗಿಸಿದ್ದರು. ಆಗ ಬ್ಯಾಕೆಟ್ಟಿ ಎಂಬ ಇಟಲಿಯ ಸಂಶೋಧಕರೂ ಅವರ ಸಂಗಡಿಗರೂ ಆ ಗ್ಯಾಲಕ್ಸಿಯ ಎರಡನೆಯ ಅತಿಭಾಸ್ವರಮೂಲದಲ್ಲಿ ಒಂದು ನಾಡಿಮಿಡಿತವನ್ನು ಕಂಡರು. ಅದು ೧.೩೭ ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುತ್ತಿತ್ತು. ಕೃಷ್ಣರಂಧ್ರಕ್ಕೆ ಗಟ್ಟಿಯಾದ ಮೈಯಿಲ್ಲ. ಅದು ಹೀಗೆ ಗಡಿಯಾರದಂತೆ ಮಿಡಿಯಲಾರದು. ಬಲವಾದ ಅಯಸ್ಕಾಂತಶಕ್ತಿಯುಳ್ಳ ಒಂದು ನ್ಯೂಟ್ರಾನ್ ನಕ್ಷತ್ರವು ಬುಗುರಿಯಂತೆ ಸುತ್ತುತ್ತಾ ತನ್ನ ಬೆಳಗುವ ಭಾಗವನ್ನು ಮತ್ತೆ ಮತ್ತೆ ಈ ಕಡೆಗೆ ತಿರುಗಿಸುತ್ತಿದ್ದರೆ ಮಾತ್ರ ಇದು ಸಾಧ್ಯ. ಅಂತಹ ನಕ್ಷತ್ರದ ಭಾರವು ಸೂರ್ಯನ ಒಂದೂವರೆಯಷ್ಟು ಸುಮಾರು. ಅದರ ಅಡ್ಡಳತೆಯು ಹುಣಸೂರಿನಿಂದ ಪಿರಿಯಾಪಟ್ಟಣಕ್ಕಿರುವ ದೂರದಷ್ಟು, ಎಂದರೆ ೨೦-೨೫ ಕಿಲೋಮೀಟರು. ಕಾಂತಿಯನ್ನು ನೋಡಿ ನೂರಕ್ಕೂ ಹೆಚ್ಚು ಸೂರ್ಯರ ತೂಕವೆಂದು ಎಣಿಸಬಹುದಾಗಿದ್ದ ಕಾಯವು ಹೀಗೆ ಬಹಳ ಹಗುರವಾದದ್ದಾಗಿ ಹೊರಬಿತ್ತು. ಅದು ತನ್ನ ಮೇರೆಯನ್ನು ಸುಮಾರು ನೂರು ಪಟ್ಟು ಮೀರಿ ಬೆಳಗುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಸುಮಾರು ೫ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಎನ್.ಜಿ.ಸಿ. ೫೯೦೭ ಎಂಬ ಗ್ಯಾಲಕ್ಸಿಯ ಅತಿಭಾಸ್ವರಮೂಲವು ಕೋಟಿಗೂ ಮೀರಿದ ಸೂರ್ಯರ ಕಾಂತಿಯುಳ್ಳದ್ದು. ಅದೂ ಮಿಡಿಯುವ ನ್ಯೂಟ್ರಾನ್ ನಕ್ಷತ್ರವೆಂಬುದು ೨೦೧೭ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕಾಶಗಂಗೆಯೊಳಗೇ ಅಂತಹ ಒಂದು ನಕ್ಷತ್ರವು ಭುಗಿಲೆದ್ದು ಮೇರೆಯನ್ನು ದಾಟಿದಾಗ ಭಾರತದ ಆಸ್ಟ್ರೋಸ್ಯಾಟ್ ಕೂಡ ಅದನ್ನು ಅಳೆಯಿತು.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಮೇರೆಯನ್ನು ಮೀರಿದ ವಸ್ತುವು ಇದೆಯೆಂದಮೇಲೆ ಮೇರೆಯೇ ಸುಳ್ಳಲ್ಲವೇ? ಒಂದು ನಿಯಮಕ್ಕೆ ಭಂಗ ಬಂದರೆ ನಿಯಮಗಳೆಲ್ಲವೂ ಪಂಡಿತರ ಕಲ್ಪನೆಗಳೆಂದು ಏಕೆ ಹೇಳಬಾರದು?

ಇದಕ್ಕೆ ಸಮಾಧಾನವು ಎಡಿಂಗ್ಟನ್ ಮಹಾಶಯರ ಚರಿತ್ರೆಯಲ್ಲಿಯೇ ಇದೆ. ೧೯೩೦ರಲ್ಲಿ ಹತ್ತೊಂಬತ್ತು ವಯಸ್ಸಿನ ಎಸ್. ಚಂದ್ರಶೇಖರ್ ಎಂಬ ಭಾರತೀಯ ವಿದ್ಯಾರ್ಥಿಯು ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು, ಉರಿದು ಮುಗಿದ ನಕ್ಷತ್ರವು ಶ್ವೇತಕುಬ್ಜವಾಗಿ ನೆಲೆನಿಲ್ಲಬೇಕಾದರೆ ಅದರ ಭಾರಕ್ಕೊಂದು ಮಿತಿಯಿರಬೇಕೆಂದು ಲೆಕ್ಕಹಾಕಿದರು. ಆ ಮಿತಿಯು ಸೂರ್ಯನ ಸುಮಾರು ೧.೪ ಪಟ್ಟು. ಅದಕ್ಕಿಂತ ಭಾರವಾದದ್ದು ಇನ್ನೂ ಕುಸಿಯಲೇಬೇಕು. ೧೯೩೫ರ ಜನವರಿ ೧೧ರಂದು ಲಂಡನ್ನಿನ ವಿದ್ವತ್ಸಭೆಯಲ್ಲಿ ಅವರು ಇದನ್ನು ಮಂಡಿಸಿದ ಕೂಡಲೆ ಎಡಿಂಗ್ಟನ್ನರು ಎದ್ದು ಹಾಸ್ಯಮಾಡಿದರು. ನಕ್ಷತ್ರವು ಅಂತಹ ಅಸಂಬದ್ಧ ರೀತಿಯಲ್ಲಿ ನಡೆದುಕೊಳ್ಳದಂತೆ ತಡೆಯುವ ನಿಯಮವು ಪ್ರಕೃತಿಯಲ್ಲಿ ಇರಲೇಬೇಕೆಂದು ವಾದಿಸಿದರು. ಲೆಕ್ಕದಲ್ಲಿ ತಪ್ಪನ್ನು ತೋರಿಸಿ ಆಡಿದ ಮಾತು ಅದಾಗಿರಲಿಲ್ಲ. ತಮ್ಮ ರುಚಿಗೆ ಒಗ್ಗದ್ದು ಪ್ರಕೃತಿಗೂ ಒಗ್ಗಲಾರದೆಂಬ ಭಾವನೆ ಅದು. ಸಭೆಯು ದೊಡ್ಡವರ ಮಾತಿಗೆ ನಕ್ಕಿತು. ಕಾಲವು ಚಂದ್ರಶೇಖರರ ಪಕ್ಷವನ್ನು ಎತ್ತಿಹಿಡಿಯಿತು. ೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ೧೯೯೯ರಲ್ಲಿ ಗಗನಕ್ಕೇರಿದ ಕ್ಷ-ಕಿರಣ ವೇಧಶಾಲೆಗೆ ‘ಚಂದ್ರ’ ಎಂದು ಅವರ ಹೆಸರನ್ನೇ ಇಟ್ಟರು.

ಎಡಿಂಗ್ಟನ್ನರಲ್ಲಿ ಎರಡು ಬಗೆಯ ಮೇರೆಗಳಿದ್ದುವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದು, ಲೆಕ್ಕದಿಂದ ಹಾಕಿದ ಮೇರೆ. ಅದರ ನಿಬಂಧನೆಗಳು ಇಂತಿಂಥವೆಂದು ಎಲ್ಲರೂ ನೋಡಬಹುದು. ಆ ನಿಬಂಧನೆಗಳಿರುವ ಕಡೆ ಅದು ಈಗಲೂ ಸತ್ಯ. ಮೀರಿದ ನಕ್ಷತ್ರವನ್ನು ಕಂಡಾಗ ಯಾವ ನಿಬಂಧನೆ ಕಳಚಿತು ಎಂದು ಕೇಳುವುದಕ್ಕೂ ಅದೇ ದಾರಿತೋರುತ್ತದೆ. ಇನ್ನೊಂದು, ಅಭಿಮಾನದಿಂದ ಹಾಕಿದ ಮೇರೆ; ಅದಕ್ಕೆ ನಿಬಂಧನೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಮೊದಲನೆಯದು ವಿದ್ಯೆ, ಎರಡನೆಯದು ಅಧಿಕಾರ. ಒಂದೇ ಮನುಷ್ಯನಲ್ಲಿ ಎರಡೂ ಇರಬಹುದಾದ್ದರಿಂದ ಕೇಳುವವರು ಬೇರ್ಪಡಿಸಿಕೊಳ್ಳಬೇಕು. ಚಂದ್ರಶೇಖರರು ಹಾಗೆಯೇ ಬೇರ್ಪಡಿಸಿದರು. ಎಡಿಂಗ್ಟನ್ನರು ೧೯೪೪ರಲ್ಲಿ ತೀರಿಕೊಂಡರು. ೧೯೮೨ರಲ್ಲಿ ಅವರ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೇಂಬ್ರಿಜ್ಜಿನಲ್ಲಿ ಕೊಟ್ಟವರು ಚಂದ್ರಶೇಖರರೇ. ತಮ್ಮನ್ನು ಹಾಸ್ಯಮಾಡಿದವರನ್ನು ಆ ಕಾಲದ ಅತ್ಯಂತ ಗಣ್ಯ ನಕ್ಷತ್ರವಿಜ್ಞಾನಿಯೆಂದು ಅವರು ಗೌರವಿಸಿದರು. ದೊಡ್ಡವರ ದೋಷವನ್ನು ಕಾಣುವುದು ಒಂದು ಗುಣ. ದೋಷವನ್ನು ಕಂಡಮೇಲೂ ಅವರ ಹಿರಿಮೆಯನ್ನು ಕಾಣುವುದು ಅದಕ್ಕಿಂತ ದುರ್ಲಭವಾದ ಗುಣ.

ಅನುಮಾನವು ಕೆಟ್ಟಿತೆಂದು ತಿಳಿದಮೇಲೆ ವಿದ್ವಾಂಸರು ಏನು ಮಾಡಿದರೆಂಬುದೂ ಬೋಧಪ್ರದವಾಗಿದೆ. ಬೆಳಕು ಕೊಳವೆಯಿಂದ ಬಂದಂತೆ ಒಂದೇ ದಿಕ್ಕಿಗೆ ಕೂಡಿಬರುತ್ತಿದ್ದರೆ ನಕ್ಷತ್ರವು ತೋರುವಷ್ಟು ಪ್ರಖರವಾಗಿರಬೇಕಾಗಿಲ್ಲ. ಬ್ಯಾಟರಿ ದೀಪವು ಎದುರಿಗಿರುವವನ ಕಣ್ಣನ್ನು ಕುಕ್ಕುತ್ತದೆ, ಪಕ್ಕದಲ್ಲಿರುವವನಿಗೆ ಮಂಕಾಗಿರುತ್ತದೆ. ಇದು ಒಂದು ಪಕ್ಷ. ಅತ್ಯಂತ ಬಲವಾದ ಅಯಸ್ಕಾಂತಶಕ್ತಿಯು ಬೆಳಕಿನ ನೂಕುವಿಕೆಯನ್ನೇ ಕುಗ್ಗಿಸಿ ಹೆಚ್ಚು ದ್ರವ್ಯವನ್ನು ಒಳಕ್ಕೆ ಬಿಡುತ್ತದೆ ಎಂಬುದು ಇನ್ನೊಂದು ಪಕ್ಷ. ಮೊದಲನೆಯ ಪಕ್ಷವೇ ಬಹುಜನಕ್ಕೆ ರುಚಿಸುವಂಥದು. ಮೋಸಹೋದವನಿಗೆ ಎಲ್ಲ ಹೊಳಪೂ ಹುಸಿಯೆಂದು ತೋರುವುದು ಸ್ವಭಾವ. ಆದರೆ ವಿದ್ವಾಂಸರು ಬೆಳಕನ್ನೇ ಮತ್ತೆ ಮತ್ತೆ ಸಾಕ್ಷಿಗೆ ಕರೆಯದೆ ಬೇರೊಂದು ಸಾಕ್ಷಿಯನ್ನು ಹುಡುಕಿದರು. ಎಂ ೮೨ರ ಆ ನಕ್ಷತ್ರಕ್ಕೆ ಒಂದು ಸಂಗಾತಿ ನಕ್ಷತ್ರವುಂಟು. ಎರಡೂ ಎರಡೂವರೆ ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಸಂಗಾತಿಯಿಂದ ದ್ರವ್ಯವು ಹರಿದುಬಂದಷ್ಟೂ ಆ ಸುತ್ತಿನ ಕಾಲವು ಅತ್ಯಲ್ಪವಾಗಿ ಬದಲಾಗಬೇಕು. ಹಲವು ವರ್ಷಗಳ ಅಳತೆಯಿಂದ ಆ ಬದಲಾವಣೆಯನ್ನು ಕಂಡು, ೨೦೨೨ರಲ್ಲಿ ಪ್ರಕಟಿಸಿದರು: ವರ್ಷಕ್ಕೆ ಸುಮಾರು ಒಂದೂವರೆ ಭೂಮಿಯಷ್ಟು ದ್ರವ್ಯವು ಹರಿದುಬರುತ್ತಿದೆ. ಅಷ್ಟು ದ್ರವ್ಯವು ನಿಜವಾಗಿ ಅಷ್ಟು ಬೆಳಕನ್ನು ಕೊಡಬಲ್ಲದು. ಎಂದರೆ ಆ ಹೊಳಪು ಬರಿಯ ತೋರಿಕೆಯಲ್ಲ. ಹಗುರವಾದ ಕಾಯವೇ ನಿಜವಾಗಿ ಮೇರೆಯನ್ನು ಮೀರಿ ಬೆಳಗುತ್ತಿರುವುದು ಬಹುಮಟ್ಟಿಗೆ ಸಂಭವ. ಮೊದಲನೆಯ ಅನುಮಾನದಲ್ಲಿ ಭಕ್ತಿ ಹೆಚ್ಚಾಗಿತ್ತು. ಅದನ್ನು ಅಲ್ಲಗಳೆಯುವ ಆತುರದಲ್ಲಿ ಅಶ್ರದ್ಧೆಯು ಹೆಚ್ಚಾಗಬಹುದಾಗಿತ್ತು. ಬೇರೆಡೆಯ ಸಾಕ್ಷಿಯು ಎರಡನ್ನೂ ತಿದ್ದಿತು.

ಇನ್ನು ಈ ಮೂಲಗಳ ಚಂಚಲತೆಯನ್ನು ನೋಡಬೇಕು. ಎನ್.ಜಿ.ಸಿ. ೫೯೦೭ರ ಮೂಲವು ೨೦೧೩ರಲ್ಲಿ ಆರಿದಂತಿದ್ದು ಕೆಲವೇ ದಿನಗಳಲ್ಲಿ ಸುಮಾರು ನೂರು ಪಟ್ಟು ಪ್ರಕಾಶಕ್ಕೆ ಏರಿತು. ಬೀಳುವ ದ್ರವ್ಯವು ಕಡಿಮೆಯಾದಾಗ, ಸುತ್ತುವ ನಕ್ಷತ್ರದ ಅಯಸ್ಕಾಂತಶಕ್ತಿಯೇ ಬಂದದ್ದನ್ನು ಆಚೆಗೆ ಎಸೆಯುತ್ತದೆಯೆಂದೂ, ಮಳೆಯಲ್ಲಿ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಸಿಡಿದುಹೋಗುವಂತೆ ಆಗುವುದೆಂದೂ ಕೆಲವು ಮೂಲಗಳ ವಿಷಯದಲ್ಲಿ ಊಹಿಸಲಾಗಿದೆ. ಕಾರಣವೇನೇ ಇರಲಿ, ಮಂಕಾದ ದಿನವೇ ನೋಡಿದವನು ಅಲ್ಲಿ ಏನೂ ಇಲ್ಲವೆಂದು ಬರೆದಿಟ್ಟಾನು. ಅವನ ಕಣ್ಣಿನಲ್ಲಿ ದೋಷವಿಲ್ಲ, ತೀರ್ಪಿನಲ್ಲಿ ದೋಷವುಂಟು.

ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದೇ ಒಪ್ಪುತ್ತಾರೆ. ನೆಲದ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲ. ಆದರೆ ಅವರು ಒಂದು ಕಟ್ಟನ್ನು ಹಾಕಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಅದು ಕತ್ತಲೆಗೆ ಪ್ರಮಾಣವೇ ಹೊರತು ಕೊಡದ ಅಭಾವಕ್ಕೆ ಪ್ರಮಾಣವಲ್ಲ. ಎನ್.ಜಿ.ಸಿ. ೫೯೦೭ರ ಮಿಡಿತವನ್ನು ಕಂಡಮೇಲೆ ವಿದ್ವಾಂಸರು ಹಳೆಯ ದಾಖಲೆಗಳನ್ನು ಮತ್ತೆ ಪರೀಕ್ಷಿಸಿದರು. ೨೦೦೩ರ ದಾಖಲೆಯಲ್ಲಿಯೂ ಅದೇ ಮಿಡಿತವು ಇತ್ತು! ಹತ್ತು ವರ್ಷಗಳಿಗೂ ಮೇಲ್ಪಟ್ಟು ಸಾಕ್ಷಿಯು ಪೆಟ್ಟಿಗೆಯಲ್ಲಿಯೇ ಕುಳಿತಿತ್ತು. ತಕ್ಕಂತೆ ಕೇಳುವವರು ಇರಲಿಲ್ಲ. ಮೈಸೂರಿನವರಿಗೆ ಇಂತಹ ಸಂಗತಿ ಹೊಸದಲ್ಲ. ಕಳೆದುಹೋಯಿತೆಂದು ಲೋಕವು ಎಣಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಓಲೆಗರಿಯ ಕಟ್ಟಾಗಿ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದು, ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಯಿತು. ಅದು ಇಲ್ಲವೆಂದು ಹೇಳಿದವರೆಲ್ಲರೂ ತಾವು ಕಂಡಿಲ್ಲವೆಂದಷ್ಟೇ ಹೇಳಬಹುದಾಗಿತ್ತು.

ಆಕಾಶದ ಈ ಸಂಗತಿಗಳಿಗೂ ಗೃಹಸ್ಥನ ನೀತಿಗೂ ಏನು ಸಂಬಂಧವೆಂದು ಕೇಳಬಹುದು. ನಕ್ಷತ್ರಗಳು ನೀತಿಯನ್ನು ಬೋಧಿಸವು, ನಿಜ. ಆದರೆ ನಕ್ಷತ್ರವನ್ನು ತೂಗುವ ಬುದ್ಧಿಯೇ ನೆರೆಯವನನ್ನೂ ತೂಗುತ್ತದೆ. ಅದರ ಜಾಡುಗಳು ಎರಡು ಕಡೆಯೂ ಒಂದೇ. ವ್ಯತ್ಯಾಸವಿಷ್ಟೆ: ನಕ್ಷತ್ರದ ವಿಷಯದಲ್ಲಿ ತಪ್ಪಿದರೆ ನಕ್ಷತ್ರಕ್ಕೆ ನಷ್ಟವಿಲ್ಲ.

ಹೊಗೆಸೊಪ್ಪಿನ ಹರಾಜಿನಲ್ಲಿ ಬೆಲೆ ಏರಿದ ವರ್ಷ ಒಬ್ಬ ರೈತನು ಮಹಡಿಯ ಮನೆಯನ್ನು ಕಟ್ಟಿಸುತ್ತಾನೆ. ಆ ಮನೆಯನ್ನು ನೋಡಿ ಸಾಲಗಾರರು ಸಾಲವನ್ನೂ ಬೀಗರು ಹೆಣ್ಣ​ನ್ನೂ ಕೊಡುತ್ತಾರೆ. ಬೆಲೆ ಇಳಿದ ವರ್ಷ ಅದೇ ರೈತನನ್ನು ಅದೇ ಜನರು ದಿವಾಳಿಯೆಂದೂ ಅಪ್ರಯೋಜಕನೆಂದೂ ಕರೆಯುತ್ತಾರೆ. ರೈತನಲ್ಲಿ ಆದ ಬದಲಾವಣೆಗಿಂತ ನೋಡುವವರ ತೂಕದಲ್ಲಿ ಆದ ಬದಲಾವಣೆ ದೊಡ್ಡದು. ಶಾಲೆಯಲ್ಲಿಯೂ ಹೀಗೆಯೇ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವಾರದಲ್ಲಿ ಜ್ವರದಿಂದ ಮಲಗಿದ್ದ ಹುಡುಗನೂ, ಮನೆಯಲ್ಲಿ ದೀಪವಿಲ್ಲದೆ ಓದಿದ ಹುಡುಗಿಯೂ, ಅಂಕಪಟ್ಟಿಯ ಒಂದೇ ಸಾಕ್ಷಿಯಿಂದ ಮಂದಬುದ್ಧಿಯವರೆಂದು ಗೊತ್ತುಮಾಡಲ್ಪಡುತ್ತಾರೆ. ಅವರ ಬುದ್ಧಿಯು ಇದ್ದಿದ್ದರೆ ಆ ದಿನ ಕಾಣಲೇಬೇಕಾಗಿತ್ತೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹಿರಿಯರು ಆಡಿದ ಒಂದು ಮಾತು ಮಗುವಿಗೆ ಜನ್ಮವಿಡೀ ಅಂಟಿಕೊಳ್ಳುತ್ತದೆ. ನಕ್ಷತ್ರವು ತನ್ನ ವಿಷಯದಲ್ಲಿ ಬರೆದದ್ದನ್ನು ಓದುವುದಿಲ್ಲ, ಮಗುವು ಓದುತ್ತದೆ.

ಎದುರು ಪಕ್ಷದವರು ಹೇಳಬಹುದಾದ ಮಾತೊಂದು ಬಲವಾದದ್ದು. ಖಗೋಳಜ್ಞನು ಹತ್ತು ವರ್ಷ ಕಾಯಬಲ್ಲನು, ಗೃಹಸ್ಥನು ಕಾಯಲಾರನು. ಸಾಲವನ್ನು ಈ ವಾರ ಕೊಡಬೇಕೋ ಬೇಡವೋ, ಸಂಬಂಧವನ್ನು ಈ ಮಾಘದಲ್ಲಿ ಗೊತ್ತುಮಾಡಬೇಕೋ ಬೇಡವೋ, ಅವನು ಹೇಳಲೇಬೇಕು. ಸಂಶಯದಲ್ಲಿಯೇ ಕುಳಿತವನಿಗೆ ಸಂಸಾರವಿಲ್ಲ.

ಇದು ಒಪ್ಪತಕ್ಕ ಮಾತೇ. ಆದರೆ ಪ್ರವೃತ್ತಿಯೆಂಬುದು ಬೇರೆ, ನಿರ್ಣಯವೆಂಬುದು ಬೇರೆ. ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂಬ ಸಂಶಯದಲ್ಲಿಯೂ ಬಾಯಾರಿದವನು ಹಗ್ಗವನ್ನು ಇಳಿಬಿಡುತ್ತಾನೆ. ಹಾಗೆ ಇಳಿಬಿಟ್ಟ ಮಾತ್ರಕ್ಕೆ ನೀರಿದೆಯೆಂದು ನಿರ್ಣಯಿಸಿದಂತಾಗಲಿಲ್ಲ. ಸಾಲವನ್ನು ಕೊಡದಿರಬಹುದು, ಮನುಷ್ಯನನ್ನು ಕೀಳೆಂದು ಗೊತ್ತುಮಾಡಬೇಕಾಗಿಲ್ಲ. ಈ ವರ್ಷ ಮಗುವನ್ನು ಮುಂದಿನ ತರಗತಿಗೆ ಕಳುಹಿಸದಿರಬಹುದು. ಅದರ ಬುದ್ಧಿಗೆ ಮೇರೆಯನ್ನು ಹಾಕಬೇಕಾಗಿಲ್ಲ. ಕಾರ್ಯವು ಕಾಲವನ್ನು ಕಾಯದು, ಆದಕಾರಣ ಕಾರ್ಯವನ್ನು ಮಾಡಬೇಕು. ತೀರ್ಪು ಕಾಯಬಲ್ಲದು, ಆದಕಾರಣ ಅದನ್ನು ತಡೆದಿಡಬೇಕು. ಕಾಯಬಲ್ಲದ್ದನ್ನು ಆತುರಪಡಿಸುವುದರಲ್ಲಿಯೇ ಅನ್ಯಾಯವು ಹುಟ್ಟುತ್ತದೆ. ಕಾಂತಿಯನ್ನು ನಂಬಿ ಮೋಸಹೋದರೆ ನಂಬಿದವನು ಹಣವನ್ನು ಕಳೆದುಕೊಂಡಾನು. ಮಂಕನ್ನು ನಂಬಿ ಒಬ್ಬನನ್ನು ಇಲ್ಲವೆಂದು ತಳ್ಳಿಹಾಕಿದರೆ ನಷ್ಟವು ತಳ್ಳಿದವನದಲ್ಲ, ತಳ್ಳಿಸಿಕೊಂಡವನದು. ಇನ್ನೊಬ್ಬನ ತಲೆಯ ಮೇಲೆ ಬೀಳುವ ತಪ್ಪಿನಲ್ಲಿಯೇ ಹೆಚ್ಚು ಎಚ್ಚರಿಕೆ ಬೇಕೆಂಬುದು ಧರ್ಮದ ಮೊದಲ ಪಾಠ.

ಕಡೆಯದಾಗಿ ಕೇಳಬೇಕಾದ ಪ್ರಶ್ನೆ, ಈ ಕಾಂತಿಯು ಯಾರದು ಎಂಬುದು. ಎಂ ೮೨ರ ನಕ್ಷತ್ರವು ಬೆಳಗುವುದು ಸ್ವಂತ ಇಂಧನದಿಂದಲ್ಲ. ಪಕ್ಕದ ನಕ್ಷತ್ರವು ತನ್ನ ಮೈಯನ್ನು ಕಳೆದುಕೊಳ್ಳುತ್ತಿದೆ. ಆ ಬೀಳುವಿಕೆಯೇ ಬೆಳಕಾಗಿದೆ. ಸಾವಿರಾರು ಗಾವುದ ದೂರದಿಂದ ನೋಡುವವರ ಕಣ್ಣಿಗೆ ಹೊಳೆಯುವುದು ಪಡೆದುಕೊಂಡವನು, ಕೊಟ್ಟವನಲ್ಲ. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು ೧೯೭೪ರಲ್ಲಿ ಮುಗಿಯಿತು. ಕೆಳಗಿನ ಬಯಲಿನ ಗದ್ದೆಗಳು ಹಸುರಾದವು; ಅದು ಎಲ್ಲರಿಗೂ ಕಾಣುವ ಸಮೃದ್ಧಿ. ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿ, ರೈತರ ಜೊತೆಗೆ ಜೇನುಕುರುಬ ಕಾಡುಕುರುಬರ ಹಾಡಿಗಳೂ ನೆಲೆ ತಪ್ಪಿದವು. ಅದು ಹಸುರನ್ನು ನೋಡುವವರ ಕಣ್ಣಿಗೆ ಬೀಳುವಂಥದಲ್ಲ. ಅಣೆಕಟ್ಟು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಹೊಳಪನ್ನು ಅಳೆಯುವವನು ಅದಕ್ಕೆ ದ್ರವ್ಯವನ್ನು ಕೊಟ್ಟವರನ್ನೂ ಲೆಕ್ಕಕ್ಕೆ ಸೇರಿಸದಿದ್ದರೆ ಅವನ ಲೆಕ್ಕವು ಅರ್ಧವೆಂದಷ್ಟೆ ಅರ್ಥ. ಒಂದು ಮನೆಯಲ್ಲಿ ಕೀರ್ತಿವಂತನಾದ ಮಗನ ಬೆಳಕಿಗೆ ಓದನ್ನು ಬಿಟ್ಟ ಅಕ್ಕನೋ, ಒಡವೆಯನ್ನು ಅಡವಿಟ್ಟ ತಾಯಿಯೋ ಇಂಧನವಾಗಿರುವುದು ಅಪೂರ್ವವೇನಲ್ಲ. ಅವರ ಸುತ್ತಿನ ಕಾಲವನ್ನು ಅಳೆಯುವ ತಾಳ್ಮೆಯುಳ್ಳವರು ಕಡಿಮೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಕಾಂತಿಯು ಗುರುತ್ವಕ್ಕೆ ಹೇತುವಾಗಬಹುದು, ಆದರೆ ನಿಬಂಧನೆಗಳನ್ನು ಪರೀಕ್ಷಿಸಿದ ಮೇಲೆ ಮಾತ್ರ. ಮಂಕು ಅಭಾವಕ್ಕೆ ಪ್ರಮಾಣವಾಗಬಹುದು, ಆದರೆ ಇದ್ದಿದ್ದರೆ ಕಾಣುತ್ತಿತ್ತೆಂದು ಖಚಿತವಾದಲ್ಲಿ ಮಾತ್ರ. ಒಂದು ಸಾಕ್ಷಿಯು ತಪ್ಪಿದಾಗ ಅದನ್ನೇ ಗದರಿಸದೆ ಬೇರೊಂದು ಸಾಕ್ಷಿಯನ್ನು ಕರೆಯಬೇಕು. ಬೆಳಕನ್ನು ಹೊಗಳುವ ಮುನ್ನ ಅದು ಯಾರ ದ್ರವ್ಯವೆಂದು ವಿಚಾರಿಸಬೇಕು. ಈ ನಾಲ್ಕನ್ನು ಖಗೋಳಜ್ಞರು ನಲವತ್ತು ವರ್ಷಗಳಲ್ಲಿ ಕಲಿತುಕೊಂಡರು. ಮನೆಯ ಮಕ್ಕಳನ್ನೂ ಊರಿನ ಜನರನ್ನೂ ತೂಗುವ ಕೆಲಸವು ದಿನವೂ ನಡೆಯುವಂಥದು; ಅದನ್ನು ಮಾಡತಕ್ಕ ಗೃಹಸ್ಥರು ಇಷ್ಟು ಎಚ್ಚರವನ್ನಾದರೂ ಇಟ್ಟುಕೊಳ್ಳುವುದು ನ್ಯಾಯ.